ಶನಿವಾರದ 13 ಮಾತ್ರೆ

ನಮ್ಮದು ಶಿಡ್ಲಘಟ್ಟ. ಮನೆಯ ಹಿಂಭಾಗದಲ್ಲೇ ರೀಲಿಂಗ್ ಇದೆ, ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಕೆಲಸ. ಬೆಳಗಾದರೆ ಗೂಡು, ಬಿಸಿನೀರು, ನೂಲು. ಮೂರು ವರ್ಷದ ಹಿಂದೆ ನನ್ನ ಹೆಂಡತಿಗೆ ಸುಸ್ತು ಜಾಸ್ತಿಯಾಯಿತೆಂದು ರಕ್ತ ಪರೀಕ್ಷೆ ಮಾಡಿಸಿದರೆ ಬಿಳಿ ರಕ್ತಕಣ ಲಕ್ಷ ದಾಟಿತ್ತು. ಬೆಂಗಳೂರಿಗೆ ಓಡಿದೆವು. ಸಿಎಂಎಲ್ ಅಂದರು, ನಿಧಾನವಾಗಿ ಬೆಳೆಯುವ ಒಂದು ಬಗೆಯ ರಕ್ತ ಕ್ಯಾನ್ಸರ್. 9ನೇ ಮತ್ತು 22ನೇ ಕ್ರೋಮೋಸೋಮಿನ ತುಂಡುಗಳು ಅದಲುಬದಲಾಗಿ ಬಿಸಿಆರ್-ಎಬಿಎಲ್ ಎಂಬ ಜೀನ್ ಹುಟ್ಟಿಕೊಳ್ಳುತ್ತದೆ, ಅದೇ ಬಿಳಿ ಕಣಗಳನ್ನು ಮಿತಿಮೀರಿ ಬೆಳೆಸುತ್ತದೆ. ಅದನ್ನು ಕಟ್ಟಿಹಾಕುವುದು ಇಮಾಟಿನಿಬ್ ಮಾತ್ರೆ. ದಿನಕ್ಕೊಂದು, 400 ಮಿಲಿಗ್ರಾಂ, ಊಟದ ಜೊತೆ, ದೊಡ್ಡ ಲೋಟದ ತುಂಬಾ ನೀರು. ಈ ಮಾತ್ರೆಯ ಪೇಟೆಂಟ್ ಅರ್ಜಿಯನ್ನು ಸುಪ್ರೀಂ ಕೋರ್ಟ್ 2013ರಲ್ಲಿ ತಳ್ಳಿಹಾಕಿತ್ತು. ನಮ್ಮಂಥವರ ಕೈಗೆ ಬೇರೆ ಕಂಪನಿಗಳು ಮಾಡುವ ಅಗ್ಗದ ಜೆನೆರಿಕ್ ಮಾತ್ರೆ ಎಟುಕುತ್ತಿರುವುದರ ಹಿಂದೆ ಆ ತೀರ್ಪಿದೆ. ಅದನ್ನು ನಾನು ಮರೆಯುವುದಿಲ್ಲ.

ಮೂರು ತಿಂಗಳಿಗೊಮ್ಮೆ ಪಿಸಿಆರ್ ಪರೀಕ್ಷೆ. ರಕ್ತದಲ್ಲಿ ಆ ಜೀನ್ ಇನ್ನೂ ಎಷ್ಟಿದೆ ಎಂದು ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ. ಮೂರು ತಿಂಗಳಿಗೆ 10ಕ್ಕಿಂತ ಕೆಳಗೆ, ಆರಕ್ಕೆ 1ರ ಆಸುಪಾಸು, ವರ್ಷಕ್ಕೆ 0.1 ಅಥವಾ ಅದಕ್ಕೂ ಕಡಿಮೆ ಬಂದರೆ ದಾರಿ ಸರಿಯಿದೆ ಎಂದರ್ಥ. ನಮ್ಮದು 6, ಆಮೇಲೆ 0.9, ಆಮೇಲೆ 0.6. ವರ್ಷ ತುಂಬಿದಾಗ 0.7. ಇಳಿಯಬೇಕಾದದ್ದು ನಿಂತುಬಿಟ್ಟಿತ್ತು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಮಾತ್ರೆ ತಪ್ಪದೆ ತಗೋತಿದ್ದಾರಾ?" ಇವಳ ಮುಖವನ್ನೂ ನೋಡದೆ ನಾನೇ ಹೇಳಿದೆ, "ಒಂದು ದಿನವೂ ತಪ್ಪಿಲ್ಲ ಸಾರ್."

ಜೀನ್ ರೂಪ ಬದಲಿಸಿಕೊಂಡು ಮಾತ್ರೆಗೆ ಬಗ್ಗದಂತಾಗಿದೆಯೇ ಎಂದು ಮ್ಯುಟೇಷನ್ ಪರೀಕ್ಷೆಗೆ ಬರೆದುಕೊಟ್ಟರು. ಅದಕ್ಕೆ ಹಳೆಯ ಫೈಲು ಬೇಕಾಗಿ ಬೀರು ತೆಗೆದೆ. ಸೀರೆಗಳ ಕೆಳಗೆ ಒಂದು ಪೂರಾ ಸ್ಟ್ರಿಪ್, ಇನ್ನೊಂದರಲ್ಲಿ ಮೂರು. ಒಟ್ಟು 13 ಮಾತ್ರೆ.

ನಾನು ಕೂಗಾಡಿದೆ. ಆ ಹತ್ತು ನಿಮಿಷವನ್ನು ವಾಪಸ್ ತೆಗೆದುಕೊಳ್ಳುವಂತಿದ್ದರೆ ಚೆನ್ನಾಗಿತ್ತು. ನನ್ನ ಕೂಗೆಲ್ಲ ಮುಗಿದ ಮೇಲೆ ಅವಳು ಮೆಲ್ಲಗೆ ಹೇಳಿದಳು: "ಶನಿವಾರ ಒಪ್ಪತ್ತು ರೀ. ಖಾಲಿ ಹೊಟ್ಟೆಗೆ ತಗೊಂಡ್ರೆ ವಾಂತಿ ಆಗುತ್ತೆ. ಉಪವಾಸ ಬಿಡೋಕೂ ಮನಸ್ಸು ಬರ್ಲಿಲ್ಲ. ನಾನು ಉಪವಾಸ ಇರೋದೇ ಇದು ವಾಸಿಯಾಗ್ಲಿ ಅಂತ."

ಮೂರು ತಿಂಗಳಿಗೆ 13 ಶನಿವಾರ. ವಾರಕ್ಕೊಂದೇ ಅಲ್ಲವೇ ಅನ್ನಿಸುತ್ತದೆ, ಆದರೆ ಅದು ನೂರಕ್ಕೆ 14 ತಪ್ಪಿದ ಲೆಕ್ಕ. ನೂರಕ್ಕೆ 10 ತಪ್ಪಿದರೂ ಈ ಕಾಯಿಲೆಯಲ್ಲಿ ಪಿಸಿಆರ್ ಅಂಕಿ ಆಳಕ್ಕೆ ಇಳಿಯುವುದು ಕಷ್ಟ ಎಂದು ಆಮೇಲೆ ಡಾಕ್ಟರೇ ತಿಳಿಸಿ ಹೇಳಿದರು. ದಿನಾ ಕೆಜಿ ಲೆಕ್ಕದಲ್ಲಿ ಗೂಡು ತೂಗುವವನು ನಾನು. ಮನೆಯಲ್ಲಿ ಮಿಕ್ಕ ಮಾತ್ರೆ ಎಣಿಸಿರಲಿಲ್ಲ.

ಉಪವಾಸ ಬಿಡು ಎಂದು ನಾನು ಹೇಳಲಿಲ್ಲ. ಒಪ್ಪತ್ತೆಂದರೆ ಒಂದು ಹೊತ್ತು ಊಟ ಇದ್ದೇ ಇದೆಯಲ್ಲ, ಮಧ್ಯಾಹ್ನದ್ದು. ಅಲ್ಲಿಯವರೆಗೆ ಮಾತ್ರೆ ಬೆಳಗಿನ ತಿಂಡಿಗೆ ಅಂಟಿಕೊಂಡಿತ್ತು. ಡಾಕ್ಟರನ್ನು ಕೇಳಿ ಏಳು ದಿನವೂ ಮಧ್ಯಾಹ್ನದ ಊಟಕ್ಕೇ ಬದಲಿಸಿದೆವು. ಮ್ಯುಟೇಷನ್ ಇಲ್ಲ ಎಂದು ವರದಿ ಬಂತು. ಹಾಗಾಗಿ ಬೇರೆ ಔಷಧಿ ಬೇಡ, ಇದನ್ನೇ ಸರಿಯಾಗಿ ತಗೊಳ್ಳಿ ಅಂದರು.

ಇನ್ನೊಂದು ತೊಡಕಿತ್ತು, ವಾಸನೆ. ಗೂಡು ಬೇಯುವ ವಾಸನೆ ಗೊತ್ತಿರುವವರಿಗೆ ಹೇಳಬೇಕಿಲ್ಲ. ನೀರಿನಲ್ಲಿ ಹುಳ ಬೆಂದ ಆ ಜಿಡ್ಡು ವಾಸನೆ ಬಟ್ಟೆಗೆ, ಕೂದಲಿಗೆ, ಅನ್ನಕ್ಕೂ ಹತ್ತುತ್ತದೆ. ಇಪ್ಪತ್ತು ವರ್ಷ ಅದರಲ್ಲೇ ಬದುಕಿದವಳಿಗೆ ಮಾತ್ರೆ ಶುರುವಾದ ಮೇಲೆ ಓಕರಿಕೆ. ಈಗ ಮಧ್ಯಾಹ್ನ ಒಂದಕ್ಕೆ ನೂಲು ತೆಗೆಯುವ ಬೇಸಿನ್ ನಿಲ್ಲಿಸುತ್ತೇನೆ. ಹಿಂಬಾಗಿಲು ಮುಚ್ಚಿ, ಮುಂದಿನ ಕಿಟಕಿ ತೆಗೆದು, ಒಂದೂವರೆಗೆ ಇಬ್ಬರೂ ಊಟಕ್ಕೆ ಕೂರುತ್ತೇವೆ. ಅರ್ಧ ಮುದ್ದೆ ಆದ ಮೇಲೆ ಮಾತ್ರೆ, ನೀರು, ಮಿಕ್ಕ ಅರ್ಧ. ಊಟವಾದ ತಕ್ಷಣ ಮಲಗುವುದಿಲ್ಲ. ಮೊಬೈಲ್ ಅಲಾರಂ ಬೇಕಾಗಿಲ್ಲ, ಯಂತ್ರದ ಸದ್ದು ನಿಂತರೆ ಅವಳೇ ತಟ್ಟೆ ಹಾಕುತ್ತಾಳೆ. ಒಂದು ದಿನ ತಪ್ಪಿದರೆ ಮರುದಿನ ಎರಡು ನುಂಗಬಾರದು ಎಂದೂ ಹೇಳಿದ್ದಾರೆ.

ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ. ಎದ್ದು ಪಾದವನ್ನು ಮೊಣಕಾಲಿನ ಕಡೆಗೆ ಒತ್ತಿ ಹಿಡಿದರೆ ಎರಡು ನಿಮಿಷದಲ್ಲಿ ಬಿಡುತ್ತದೆ, ಅದು ನನ್ನ ಕೆಲಸ. ಬೆಳಗ್ಗೆ ರೆಪ್ಪೆ ಊದಿರುತ್ತದೆ. "ಅತ್ತಿದ್ದೀಯೇನಮ್ಮ?" ಎಂದು ನೆರೆಹೊರೆಯವರು ಕೇಳುವುದು ಅವಳಿಗೆ ಕಾಯಿಲೆಗಿಂತ ಹೆಚ್ಚು ನೋವು. ಮಾತ್ರೆಯಿಂದ ಹೀಗಾಗುತ್ತದೆ ಎಂದು ನಾನೇ ಮುಂದಾಗಿ ಹೇಳಿಬಿಡುತ್ತೇನೆ.

ಆಸ್ಪತ್ರೆಯಿಂದ ಬರುವಾಗ ದೇವನಹಳ್ಳಿಯಲ್ಲಿ ಚಕ್ಕೋತ ಕೊಳ್ಳುವುದು ನಮ್ಮ ರೂಢಿಯಾಗಿತ್ತು. ಅವಳಿಗೆ ಆ ಹಣ್ಣೆಂದರೆ ಪ್ರಾಣ. ಒಮ್ಮೆ ಏನೋ ಮಾತಿಗೆ ಹೇಳಿದೆ, ಡಾಕ್ಟರು ತಕ್ಷಣ ಬೇಡ ಅಂದರು. ಅದು ಗ್ರೇಪ್‌ಫ್ರೂಟ್ ಜಾತಿಯದು. ದೇಹ ಈ ಔಷಧಿಯನ್ನು ಒಡೆದು ಕರಗಿಸುವುದನ್ನು ಅದು ತಡೆಯುತ್ತದಂತೆ, ರಕ್ತದಲ್ಲಿ ಔಷಧಿ ಏರುತ್ತದೆ. ಈಗ ಆ ದಾರಿಯಲ್ಲಿ ಸೀಬೆಹಣ್ಣು ಕೊಳ್ಳುತ್ತೇವೆ. ನೆಂಟರು ತಂದುಕೊಡುವ ಕಷಾಯ, ನಾಟಿ ಪುಡಿ ಯಾವುದೇ ಆಗಲಿ, ಮೊದಲು ಡಾಕ್ಟರಿಗೆ ತೋರಿಸುತ್ತೇನೆ.

ಮಧ್ಯಾಹ್ನಕ್ಕೆ ಬದಲಿಸಿದ ಮೂರು ತಿಂಗಳಿಗೆ 0.3. ಆಮೇಲೆ 0.09. ಆ ದಿನ ಡಾಕ್ಟರು "ಎಂಎಂಆರ್ ಆಯ್ತು" (ಅಂಕಿ 0.1 ಅಥವಾ ಅದಕ್ಕೂ ಕೆಳಗೆ ಬಂತು ಎಂದರ್ಥ) ಅಂದಾಗ ಇವಳು ಅರ್ಥ ಕೇಳಲಿಲ್ಲ, ಅವರ ಮುಖ ನೋಡಿಯೇ ನಕ್ಕಳು. ಮುಂದಿನ ಇಳಿತ ಬಹಳ ನಿಧಾನ. 0.04 ಆದದ್ದು ಮುಂದಿನ ಸಲ 0.05 ಬಂತು, ನನಗೆ ಎರಡು ರಾತ್ರಿ ನಿದ್ದೆ ಇಲ್ಲ. ಅಷ್ಟು ಕೆಳಗೆ ಹೋದ ಮೇಲೆ ಅಂಕಿ ಸ್ವಲ್ಪ ಅತ್ತಿತ್ತ ಆಡುವುದು ಸಹಜ, ಒಂದೇ ಲ್ಯಾಬಿನಲ್ಲಿ ಮಾಡಿಸಿ, ಒಂದು ವರದಿ ನೋಡಿ ಹೆದರಬೇಡಿ ಅಂದರು. ಈಗ 0.02. ಮುಂದಿನ ಮೆಟ್ಟಿಲು 0.01, ಆಮೇಲೆ 0.0032.

ಅಷ್ಟು ಆಳದಲ್ಲಿ ವರ್ಷಗಟ್ಟಲೆ ನಿಂತವರಲ್ಲಿ ಕೆಲವರಿಗೆ ಡಾಕ್ಟರ ನಿಗಾದಲ್ಲಿ ಮಾತ್ರೆ ನಿಲ್ಲಿಸಿ ನೋಡುತ್ತಾರೆ. ಹಾಗೆ ನಿಲ್ಲಿಸಿದವರಲ್ಲಿ ಸುಮಾರು ಅರ್ಧ ಜನಕ್ಕೆ ಕಾಯಿಲೆ ಮರಳುತ್ತದೆ, ಮತ್ತೆ ಮಾತ್ರೆ ಶುರು ಮಾಡಿದರೆ ಬಹುತೇಕ ಎಲ್ಲರಲ್ಲೂ ಹಿಡಿತಕ್ಕೆ ಬರುತ್ತದೆ. ಇದನ್ನು ಕೇಳಿಸಿಕೊಂಡ ಅವಳು ಬಸ್ಸಿನಲ್ಲಿ ದೇವನಹಳ್ಳಿ ಹತ್ತಿರದ ವಿಜಯಪುರ ದಾಟುವವರೆಗೂ ಸುಮ್ಮನಿದ್ದಳು. ಆಮೇಲೆ, "ನಿಲ್ಸಿದ್ರೂ ಒಂದೂವರೆಗೆ ಊಟಕ್ಕೆ ಕೂರೋದು ಬಿಡ್ಬೇಡಿ" ಅಂದಳು.