ಸ್ವೆಟ್‌ಶರ್ಟ್ ಮೇಲೊಂದು ಜೋಳದ ತೆನೆ

ಡಿಸೆಂಬರ್ ಬಂತೆಂದರೆ ಬೆಳಗಾವಿಯಲ್ಲಿ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವುದೇ ಕಷ್ಟ. ಕೈಯಿಂದ ಹೆಣೆದ ಸ್ವೆಟರ್ ಮನೆಯಲ್ಲಿ ಎರಡಿವೆ. ಆದರೆ ಮಗಳಿಗೆ ಕಾಲೇಜಿಗೆ ಹೋಗಲು ಸ್ವೆಟ್‌ಶರ್ಟೇ ಬೇಕು. ಗಣಪತ ಗಲ್ಲಿಯಲ್ಲಿ 450 ರೂಪಾಯಿಗೆ ಕಡುನೀಲಿ ಬಣ್ಣದ್ದೊಂದು ತಂದೆವು. ಮೇಲೆ ಒಂದು ಅಕ್ಷರ ಇಲ್ಲ, ಚಿತ್ರ ಇಲ್ಲ, ಪೂರ್ತಿ ಬೋಳು. "ಅವ್ವಾ, ಇದರ ಮ್ಯಾಲೆ ಏನಾರ ಹಾಕಿಕೊಡು" ಅಂದಳು.

ನನಗೆ ಸೂಜಿ ಹೊಸದಲ್ಲ. ನಮ್ಮವ್ವ ಇಳಕಲ್ ಸೀರೆ ಮೇಲೆ ಕಸೂತಿ ಹಾಕುತ್ತಿದ್ದಳು, ಅವಳ ಪಕ್ಕ ಕೂತು ಕಲಿತವಳು ನಾನು. ಜಂಪರಿನ ತೋಳಿಗೆ, ಕುತ್ತಿಗೆಗೆ ಮಣಿ ಚಮ್ಕಿ ಹಾಕಿ ಅಭ್ಯಾಸ ಇದೆ. ಸ್ವೆಟ್‌ಶರ್ಟ್ ಏನು ಮಹಾ ಅಂತ ಕುತ್ತಿಗೆಯ ಪಟ್ಟಿಗೆ ಅಂಟಿಕೊಂಡಂತೆ ಸುತ್ತಲೂ ಒಂದು ಸಾಲು ಮಣಿ ಪೋಣಿಸಿ ಹೊಲಿದೆ. ಎರಡು ಸಂಜೆ ಹಿಡಿಯಿತು. ಚಂದವೂ ಕಂಡಿತು. ಮಗಳು ತಲೆ ತೂರಿಸಿದಳು, ಟಪ್ ಅಂತ ದಾರ ಹರಿಯಿತು. ಮಣಿಗಳು ಮಂಚದ ಕೆಳಗೆ, ಬಾಗಿಲ ಸಂದಿಗೆ, ಎಲ್ಲೆಂದರಲ್ಲಿ. ಈಗಲೂ ಕಸ ಹೊಡೆಯುವಾಗ ಒಂದೊಂದು ಸಿಗುತ್ತದೆ.

ಜಂಪರಿನ ಬಟ್ಟೆ ನೇಯ್ದದ್ದು. ಸ್ವೆಟ್‌ಶರ್ಟ್ ಹೊಸಿಯರಿ, ಅಂದರೆ ಕುಣಿಕೆ ಕುಣಿಕೆಯಾಗಿ ಹೆಣೆದದ್ದು. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ದಾರ ಹಿಗ್ಗುವುದಿಲ್ಲ. ತಲೆ ತೂರುವ ಜಾಗದಲ್ಲೇ ನಾನು ಹಿಗ್ಗದ ದಾರದಿಂದ ಬೇಲಿ ಹಾಕಿದ್ದೆ! ಎರಡನೇ ತಪ್ಪು ನನ್ನ ಕೈಯ ಅಭ್ಯಾಸದ್ದು. ಕಸೂತಿಯಲ್ಲಿ ಗಂಟು ಹಾಕುವ ಹಾಗೇ ಇಲ್ಲ. ಗವಂತಿ, ಮುರ್ಗಿ ಹೊಲಿಗೆ ಎರಡೂ ಕಡೆ ಒಂದೇ ತರ ಕಾಣಬೇಕು. ನಮ್ಮವ್ವ ಮೊದಲು ಬಟ್ಟೆ ತಿರುವಿ ಹಿಂಬದಿ ನೋಡುತ್ತಿದ್ದಳು, ಆಮೇಲೆ ಮುಂದೆ. ಅದೇ ಗುಣಕ್ಕೆ ಇಲ್ಲಿಯೂ ನಡುವೆ ಗಂಟೇ ಹಾಕಿರಲಿಲ್ಲ. ಒಂದು ಕಡೆ ಹರಿದದ್ದಕ್ಕೆ ಸಾಲು ಪೂರ್ತಿ ಕಳಚಿತು.

ಎಲ್ಲ ಬಿಚ್ಚಿ ಮತ್ತೆ ಶುರು ಮಾಡಿದೆ. ಮೊದಲು ಸ್ವೆಟ್‌ಶರ್ಟ್ ಒಗೆದೆ. ಹತ್ತಿ ಜಾಸ್ತಿ ಇದ್ದರೆ ಮೊದಲ ಒಗೆತಕ್ಕೆ ಸ್ವಲ್ಪ ಚಿಕ್ಕದಾಗುತ್ತದೆ. ಕುಗ್ಗುವುದು ಮಣಿ ಹಾಕುವ ಮೊದಲೇ ಕುಗ್ಗಿಬಿಡಲಿ. ಜಾಗವನ್ನೂ ಬದಲಿಸಿದೆ. ಎಡಗಡೆ ಎದೆಯ ಮೇಲೆ, ಕುತ್ತಿಗೆಯಿಂದ ನಾಲ್ಕು ಬೆರಳು ಕೆಳಗೆ, ಒಂದು ಬಿಳಿಜೋಳದ ತೆನೆ. ನಮ್ಮ ಕಡೆಯವರಿಗೆ ಇದಕ್ಕಿಂತ ಹತ್ತಿರದ ಚಿತ್ರ ಯಾವುದಿದೆ? ಮಗಳಿಗೆ ಚಿಟ್ಟೆ ಬೇಕಿತ್ತು. ಸೂಜಿ ನನ್ನ ಕೈಯಲ್ಲಿತ್ತು.

ಕೆಲಸದ ಜೀವ ಇರುವುದು ಹಿಂದೆ ಕೊಡುವ ಆಸರೆಯಲ್ಲಿ. ಟೇಲರುಗಳು ಕಾಲರಿಗೆ ಹಾಕುವ ಪೇಪರ್ ಕ್ಯಾನ್ವಾಸ್ ಇರುತ್ತದಲ್ಲ, ಅದರದೊಂದು ತುಂಡು ಒಳಗಡೆ ಇಟ್ಟು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿದೆ. ಇಸ್ತ್ರಿಯಿಂದ ಅಂಟಿಸಲು ನೋಡಿದ್ದೆ. ಒಳಗಿನ ಹಿಂಜಿದಂಥ ನವಿರಿಗೆ ಅದು ಸರಿಯಾಗಿ ಹಿಡಿಯಲಿಲ್ಲ. ಕ್ಯಾನ್ವಾಸ್ ಇದ್ದರೆ ಮಣಿಯ ಭಾರ ಬಟ್ಟೆಯ ಮೇಲಷ್ಟೇ ಬೀಳುವುದಿಲ್ಲ, ಆ ಜಾಗ ಹಿಗ್ಗುವುದೂ ಇಲ್ಲ. ಹೊಲಿಯುವಾಗ ಬಟ್ಟೆ ಹಿಡಿಸುವ ರಿಂಗ್ ಇರುತ್ತದಲ್ಲ, ಅದಕ್ಕೆ ಬಟ್ಟೆಯನ್ನು ಡೋಲಿನ ಹಾಗೆ ಬಿಗಿಯಬೇಡಿ. ಬಿಗಿದು ಹೊಲಿದರೆ ರಿಂಗ್ ತೆಗೆದ ಕೂಡಲೇ ಬಟ್ಟೆ ಹಿಂದಕ್ಕೆ ಸರಿದು ಮಣಿಗಳು ಒಂದರ ಮೇಲೊಂದು ಏರುತ್ತವೆ. ನಾನು ರಿಂಗನ್ನೇ ಬಿಟ್ಟೆ. ದಪ್ಪನೆಯದೊಂದು ಹಳೆ ಲಗ್ನಪತ್ರಿಕೆಯನ್ನು ಶರ್ಟಿನ ಒಳಗೆ ತೂರಿಸಿ ತೊಡೆಯ ಮೇಲಿಟ್ಟುಕೊಂಡು ಹೊಲಿದೆ. ಸೂಜಿ ಬೆನ್ನಿನ ಬಟ್ಟೆಗೆ ಚುಚ್ಚಿ ಎರಡನ್ನೂ ಕೂಡಿಸಿಬಿಡುವ ಭಯ ಇರಲಿಲ್ಲ.

ಈ ಬಟ್ಟೆಯಲ್ಲಿ ಕಸೂತಿಯ ಹಾಗೆ ಎಳೆ ಎಣಿಸಲು ಬರುವುದಿಲ್ಲ. ಬಟರ್ ಪೇಪರ್ ಮೇಲೆ ತೆನೆ ಬರೆದು, ಅದನ್ನು ಮೇಲಿಟ್ಟು ಬಿಳಿ ದಾರದಿಂದ ಗೆರೆಗುಂಟ ಹೊಲಿದು, ಪೇಪರ್ ಹರಿದು ತೆಗೆದೆ. ಪೇಪರ್ ಮೇಲೆಯೇ ಮಣಿ ಹಾಕಿದರೆ ಅದರ ಚೂರು ಮಣಿಯ ಕೆಳಗೆ ಸಿಕ್ಕಿಕೊಂಡು ಜೀವ ತಿನ್ನುತ್ತದೆ.

ಮಣಿ, ಚಮ್ಕಿ ಖಡೇಬಜಾರದಲ್ಲಿ ತಂದೆ, ಎಲ್ಲ ಸೇರಿ 180 ರೂಪಾಯಿ. ಕೆನೆಬಣ್ಣದ 3 ಮಿಲಿಮೀಟರ್ ಮಣಿ, 4 ಮಿಲಿಮೀಟರಿನ ಬಂಗಾರದ ಚಮ್ಕಿ, ಎಲೆಗೆ ಹಸಿರು ಚಮ್ಕಿ, ದಂಟಿಗೆ ಹಸಿರು ಪೈಪ್ ಮಣಿ. 10ನೇ ನಂಬರಿನ ತೆಳ್ಳನೆಯ ಮಣಿ ಸೂಜಿ. ದಾರ ಪಾಲಿಯೆಸ್ಟರಿನದು, ಜೋಡಿ ಎಳೆ, ಜೇನುಮೇಣ ಸವರಿದ್ದು. ಒಂದು ಮೊಳಕ್ಕಿಂತ ಉದ್ದ ಇದ್ದರೆ ಸಿಕ್ಕಾಗುತ್ತದೆ.

ತೆನೆ ಹೀಗೆ. ಸೂಜಿಯನ್ನು ಕೆಳಗಿನಿಂದ ಮೇಲೆ ತಂದು ಮೊದಲು ಚಮ್ಕಿ, ಅದರ ಮೇಲೆ ಮಣಿ ಪೋಣಿಸಬೇಕು. ಮಣಿಯನ್ನು ಬಿಟ್ಟು ಚಮ್ಕಿಯ ತೂತಿನಲ್ಲಷ್ಟೇ ವಾಪಸ್ ಕೆಳಗಿಳಿಯಬೇಕು. ಮಣಿ ಬಿರಡೆಯ ಹಾಗೆ ಕೂತು ಚಮ್ಕಿಯನ್ನು ಹಿಡಿದುಕೊಳ್ಳುತ್ತದೆ. ಜೋಳದ ಕಾಳು ಹೊಟ್ಟಿನಲ್ಲಿ ಕೂತಿರುತ್ತದಲ್ಲ, ಥೇಟ್ ಹಾಗೇ ಕಾಣುತ್ತದೆ. ನಾಲ್ಕೈದು ಕಾಳಿಗೊಮ್ಮೆ ಹಿಂದೆ ಒಂದು ಗಂಟು. ನಮ್ಮವ್ವ ನೋಡಿದ್ದರೆ ಬೈಯುತ್ತಿದ್ದಳು. ಎಲೆಗೆ ಮಣಿ ಬೇಡ. ಒಂದು ಚಮ್ಕಿ ಇನ್ನೊಂದರ ಅರ್ಧ ಮುಚ್ಚುವಂತೆ, ಹಂಚು ಹೊದಿಸಿದ ಹಾಗೆ ಕೂರಿಸಿದರೆ ದಾರ ಕಾಣುವುದಿಲ್ಲ. ಪೈಪ್ ಮಣಿಯ ಗಾಜಿನ ಅಂಚು ಚೂಪು, ದಾರವನ್ನು ಕುಯ್ಯುತ್ತದೆ. ಅದಕ್ಕೇ ಎರಡೂ ತುದಿಗೆ ಒಂದೊಂದು ಸಣ್ಣ ಮಣಿ ಕಾವಲು.

ಐದು ಸಂಜೆ ಹಿಡಿಯಿತು. ಮೂರನೇ ಸಂಜೆ ಮಗಳು ಇಣುಕಿ ನೋಡಿ, "ಇದು ಜ್ವಾಳ ಅಲ್ಲ, ಬಾಳಿಹಣ್ಣು ಆದಂಗ ಐತಿ" ಅಂದಳು. ಸುಳ್ಳಲ್ಲ. ತುದಿ ಬಾಗಿಬಿಟ್ಟಿತ್ತು. ಹತ್ತಿಪ್ಪತ್ತು ಕಾಳು ಬಿಚ್ಚಿ ತುದಿ ನೆಟ್ಟಗೆ ಮಾಡಿದೆ. ಕೊನೆಗೆ ಹೆಚ್ಚಾದ ಕ್ಯಾನ್ವಾಸ್ ಕತ್ತರಿಸಿ, ಗಂಟುಗಳು ಮೈಗೆ ಚುಚ್ಚದಂತೆ ಹಳೆ ಮಲ್ ಬಟ್ಟೆಯ ತುಂಡನ್ನು ಒಳಗಿನಿಂದ ಹೊಲಿದೆ.

ಇಸ್ತ್ರಿ ಮಾತ್ರ ತಾಗಿಸಬೇಡಿ. ಉಳಿದ ಒಂದು ಚಮ್ಕಿಯ ಮೇಲೆ ಇಟ್ಟು ನೋಡಿದೆ, ಹಪ್ಪಳದ ಹಾಗೆ ಸುರುಟಿತು. ಒಗೆಯುವಾಗ ಒಳಹೊರಗು ಮಾಡಿ ತಣ್ಣೀರಿನಲ್ಲಿ ಕೈಯಲ್ಲೇ ಒಗೆಯುತ್ತೇನೆ, ಹಿಂಡುವುದಿಲ್ಲ. ತಂತಿಗೆ ಹಾಕಿದರೆ ಒದ್ದೆ ಬಟ್ಟೆ ಮಣಿಯ ಭಾರಕ್ಕೆ ಜೋತು ಬೀಳುತ್ತದೆ, ಆದ್ದರಿಂದ ಮಂಚದ ಮೇಲೆ ಹರವುತ್ತೇನೆ.

ಎರಡು ತಿಂಗಳಾಯಿತು. ಒಂದು ಮಣಿಯೂ ಉದುರಿಲ್ಲ. ಬ್ಯಾಗಿನ ಪಟ್ಟಿ ಉಜ್ಜಿ ಮೂರು ಚಮ್ಕಿ ಬಣ್ಣ ಬಿಟ್ಟಿವೆ, ಅಷ್ಟೇ. ಬಲಗಡೆ ಹೆಗಲಿಗೆ ಹಾಕಿಕೋ ಅಂದರೆ ಕೇಳುವುದಿಲ್ಲ. ಈ ಭಾನುವಾರ ಆ ಮೂರನ್ನು ಬಿಚ್ಚಿ ಹೊಸದು ಹಾಕಬೇಕು. ಹತ್ತಿರದಲ್ಲೇ ಗಂಟು ಇದೆ, ಅರ್ಧ ಗಂಟೆಯ ಕೆಲಸ.