ಬ್ರೌಸರ್ ಬ್ಯಾಟಲ್ ರಾಯಲ್ ತಡವರಿಸೋದು ನಿಂತಿದ್ದು ಹೀಗೆ

2017ರಲ್ಲಿ ಬಂದ ಸರ್ವಿವ್.ಐಓ ತರಹದ್ದೇ ಒಂದು 2ಡಿ ಬ್ಯಾಟಲ್ ರಾಯಲ್ ಆಟ, ಅಂದರೆ ಕೊನೆವರೆಗೆ ಉಳಿದವರೇ ಗೆಲ್ಲುವ ಆಟ, ಬ್ರೌಸರ್‌ನಲ್ಲಿ ಆಡುತ್ತೇನೆ. ಶುರುವಿನಲ್ಲಿ ಚೆನ್ನಾಗೇ ಓಡುತ್ತಿತ್ತು, ಆದರೆ ಸುರಕ್ಷಿತ ವಲಯ ಕಿರಿದಾಗಿ ಉಳಿದವರೆಲ್ಲ ಒಂದೇ ಕಡೆ ಸೇರಿದ ಕೂಡಲೇ ಪರದೆ ತಡವರಿಸಿ, ನಾನು ಗುರಿ ಇಡುವಷ್ಟರಲ್ಲೇ ಔಟ್. ಎಲ್ಲರೂ ವೈಫೈ ಕಡೆ ಬೆರಳು ತೋರಿಸುತ್ತಾರೆ, ಅಲ್ವಾ? ಪಿಂಗ್ (ಸರ್ವರ್‌ಗೆ ಸಂದೇಶ ಹೋಗಿ ಬರೋಕೆ ಹಿಡಿಯುವ ಸಮಯ) ನೋಡಿದೆ, ಏರಿರಲಿಲ್ಲ. ಎಫ್‌ಪಿಎಸ್ (ಸೆಕೆಂಡಿಗೆ ಪರದೆ ಮೇಲೆ ಮೂಡುವ ಚಿತ್ರಗಳ ಸಂಖ್ಯೆ) ಮಾತ್ರ ಕುಸಿದಿತ್ತು. ಅಂದರೆ ತೊಂದರೆ ನೆಟ್‌ನದಲ್ಲ, ಲ್ಯಾಪ್‌ಟಾಪ್‌ನದು.

ಇಂಥ ಆಟಗಳು ಸಾಮಾನ್ಯವಾಗಿ ವೆಬ್‌ಜಿಎಲ್ (ಬ್ರೌಸರ್‌ನಲ್ಲಿ ಗ್ರಾಫಿಕ್ಸ್ ಮೂಡಿಸುವ ತಂತ್ರ) ಮೂಲಕ ಚಿತ್ರ ಬಿಡಿಸುತ್ತವೆ. ಬ್ರೌಸರ್ ಸೆಟ್ಟಿಂಗ್ಸ್‌ನ ಸಿಸ್ಟಮ್ ಭಾಗದಲ್ಲಿ ಹಾರ್ಡ್‌ವೇರ್ ಆಕ್ಸಲರೇಶನ್ (ಚಿತ್ರ ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ಒಪ್ಪಿಸುವ ಆಯ್ಕೆ) ಆಫ್ ಆಗಿತ್ತು, ಹಾಗಾಗಿ ಗ್ರಾಫಿಕ್ಸ್ ಚಿಪ್ ಸುಮ್ನೆ ಕೂತು ಕೆಲಸವೆಲ್ಲ ಸಿಪಿಯು ತಲೆ ಮೇಲೆ ಬಿದ್ದಿತ್ತು. ಆನ್ ಮಾಡಿ ಬ್ರೌಸರ್ ಮುಚ್ಚಿ ತೆರೆದೆ, ಬ್ಯಾಟರಿ ಸೇವರ್ ಕೂಡ ತೆಗೆದೆ. ಈಗ ಕೊನೆಯ ಸುತ್ತಲ್ಲೂ ಆಟ ನೀಟಾಗಿ ಓಡುತ್ತೆ. ಗ್ರಾಫಿಕ್ಸ್ ಡ್ರೈವರ್ (ಗ್ರಾಫಿಕ್ಸ್ ಚಿಪ್ ನಡೆಸುವ ಸಾಫ್ಟ್‌ವೇರ್) ತುಂಬಾ ಹಳೆಯದಾಗಿದ್ದರೆ ಇದೇ ಸೆಟ್ಟಿಂಗ್ ಉಲ್ಟಾ ಹೊಡೆಯಬಹುದು, ಆಗ ಮೊದಲು ಡ್ರೈವರ್ ಅಪ್‌ಡೇಟ್ ಮಾಡಿ.