ಜಿಎಸ್‌ಟಿ ದರ ಬದಲಾಯಿತು, ನಾನು ಅಂಗಡಿಗೆ ಓಡಲಿಲ್ಲ

2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರಗಳು ಬದಲಾದವಲ್ಲ, ಆವತ್ತು ನನ್ನ ಬಿಲ್ಲಿಂಗ್ ಸಾಫ್ಟ್‌ವೇರ್ ಇರುವ ದಾವಣಗೆರೆ ಸುತ್ತಿನ ನಲವತ್ತು ಚಿಲ್ಲರೆ ಅಂಗಡಿಗಳಲ್ಲಿ ಒಂದಕ್ಕೂ ಹುಡುಗರನ್ನು ಕಳಿಸಲಿಲ್ಲ. "ಐಟಂ ಮಾಸ್ಟರ್‌ನಲ್ಲಿ ಪರ್ಸೆಂಟ್ ತಿದ್ದಿದ್ರೆ ಮುಗೀತು, ಅದಕ್ಕೆ ಇಷ್ಟು ರಾಮಾಯಣ ಯಾಕ್ರೀ?" ಎಂದು ನಾನು ಮಾಡಿಕೊಂಡ ವ್ಯವಸ್ಥೆ ನೋಡಿ ನಕ್ಕಿದ್ದ ಆಡಿಟರ್ ಒಬ್ಬರು ಇದನ್ನು ಓದಲಿ.

ಐಟಂ ಮಾಸ್ಟರ್ ಅಂದರೆ ಸಾಫ್ಟ್‌ವೇರ್‌ನಲ್ಲಿರುವ ವಸ್ತು, ದರಗಳ ಪಟ್ಟಿ. ಅದನ್ನು ತಿದ್ದುವ ಪದ್ಧತಿ 2017ರ ನವೆಂಬರ್‌ನಲ್ಲೇ ಕೈಕೊಟ್ಟಿತ್ತು. ನೂರೆಪ್ಪತ್ತಕ್ಕೂ ಹೆಚ್ಚು ಬಗೆಯ ವಸ್ತು ಶೇ 28ರಿಂದ 18ಕ್ಕೆ ಇಳಿದವು. 28ರಲ್ಲಿ ಮಾರಿದ ಮಾಲು ವಾಪಸ್ ಬಂದರೆ, ಹಳೇ ದರ ಪಟ್ಟಿಯಲ್ಲಿ ಉಳಿದಿರದ ಕಾರಣ, ಕ್ರೆಡಿಟ್ ನೋಟ್ (ವಾಪಸಾದ ಮಾಲಿನ ಹಣ ಕಳೆದು ಕೊಡುವ ಚೀಟಿ) 18ರಲ್ಲಿ! ಲೆಕ್ಕ ತಾಳೆಯಾಗದೆ ಕೆಲವು ಅಂಗಡಿಯವರು ಎಎಂಸಿ (ವರ್ಷದ ನಿರ್ವಹಣಾ ಒಪ್ಪಂದ) ದುಡ್ಡು ತಡೆಹಿಡಿದರು. ಓಡಾಟ, ಊಟ ಸೇರಿ ಮೂವತ್ತು ಸಾವಿರದಷ್ಟು ನನ್ನ ಕೈಯಿಂದಲೇ ಹೋಯಿತು. ಆಮೇಲೆ ರೂಲ್ ಎಂಜಿನ್ (ಪ್ರತಿ ಬಿಲ್ಲಿಗೂ ನಿಯಮಗಳನ್ನು ಓದಿ ದರ ತೀರ್ಮಾನಿಸುವ ಪ್ರೋಗ್ರಾಂ) ಒಂದನ್ನು ತಂದು ಕೂರಿಸಿದೆ. 2 ಜಿಬಿ ರ್‍ಯಾಮ್‌ನ ಕೌಂಟರ್ ಪಿಸಿಯಲ್ಲಿ ಬಿಲ್ಲಿಗೆ ಆರೇಳು ಸೆಕೆಂಡು. ಹಬ್ಬದ ರಶ್‌ನಲ್ಲಿ ಯಾರು ಕಾಯುತ್ತಾರೆ? ಕಿತ್ತುಹಾಕಿದೆ.

ಈಗಿರುವುದು ಬರೀ ಒಂದು ಟೇಬಲ್: ಎಚ್‌ಎಸ್‌ಎನ್ (ತೆರಿಗೆಗಾಗಿ ವಸ್ತುವಿನ ಬಗೆ ಗುರುತಿಸುವ ಸಂಖ್ಯೆ), ಬೆಲೆಮಿತಿ, ದರ, ಎಂದಿನಿಂದ, ಎಂದಿನವರೆಗೆ. ಸಾಲನ್ನು ಅಳಿಸುವಂತಿಲ್ಲ, ಕೊನೆಯ ದಿನಾಂಕ ಹಾಕಿ ಮುಚ್ಚಬೇಕು ಅಷ್ಟೇ. ವಾಪಸ್ ಬಂದ ಮಾಲಿಗೆ ಮೂಲ ಬಿಲ್ಲಿನ ದಿನಾಂಕ ನೋಡಿ ಹಳೇ ಸಾಲನ್ನೇ ಎತ್ತುತ್ತದೆ. ಸೆಪ್ಟೆಂಬರ್ 3ರಂದು ಜಿಎಸ್‌ಟಿ ಕೌನ್ಸಿಲ್ ತೀರ್ಮಾನ ಬಂತು. ಅಧಿಸೂಚನೆ ನೋಡಿಕೊಂಡು ಹೊಸ ಸಾಲು ತುಂಬಿಟ್ಟೆ. ನೆಟ್ ಸಿಕ್ಕಾಗ ಕೌಂಟರ್‌ಗಳೇ ಎಳೆದುಕೊಂಡವು. ನವರಾತ್ರಿಯ ಪಾಡ್ಯದ ಬೆಳಿಗ್ಗೆ ಮೊದಲ ಬಿಲ್ಲೇ ಹೊಸ ದರದಲ್ಲಿ ಬಂತು.

ತಲೆ ತಿಂದದ್ದು ಬೂಟು. ತೆರಿಗೆ ಬಿಟ್ಟ ಮೂಲಬೆಲೆ ಜೋಡಿಗೆ 2,500 ರೂಪಾಯಿವರೆಗೆ ಶೇ 5, ದಾಟಿದರೆ 18. ತೆರಿಗೆ ಸೇರಿ 2,799 ಎಂದು ಚೀಟಿ ಅಂಟಿಸಿದ್ದಾರೆ. 5 ಹಿಡಿದು ಬಿಡಿಸಿದರೆ ಮೂಲಬೆಲೆ 2,666. ಹಾಗಾದರೆ 18 ಹಾಕಬೇಕು. 18 ಹಿಡಿದರೆ 2,372. ಹಾಗಾದರೆ 5 ಹಾಕಬೇಕು! ಪ್ರೋಗ್ರಾಂ ಗಾಣದೆತ್ತಿನಂತೆ ಸುತ್ತತೊಡಗಿತು. 2,625 ದಾಟಿ 2,950ರವರೆಗಿನ ಎಲ್ಲ ಬೆಲೆಗೂ ಇದೇ ಪಾಡು. ಹಿಂದೆ ಸಿದ್ಧ ಉಡುಪಿಗೆ 1,000ದ ಗಡಿಯಲ್ಲೂ ಇದೇ ಗೋಳಿತ್ತು. ಹೇಗೆ ಬಿಡಿಸಿದೆ ಅಂತ ಬರೆಯಲ್ಲ, ನನ್ನ ಹೊಟ್ಟೆಪಾಡು ಅದರ ಮೇಲಿದೆ.

ಇನ್ನೊಂದು ಸೇರಿಸಿದ್ದೇನೆ. ಕ್ಯಾಶಿಯರ್‌ಗಳು ಒಂದೇ ಐಟಂನ ದರವನ್ನು ಪದೇಪದೇ ಕೈಯಾರೆ ಬದಲಿಸಿದರೆ ಆ ಸಾಲು ತಾನಾಗೇ 'ಅನುಮಾನ' ಪಟ್ಟಿಗೆ ಹೋಗಿ ನನಗೆ ಮೆಸೇಜ್ ಬರುತ್ತದೆ. ಬಿಲ್ ಮಾತ್ರ ನಿಲ್ಲುವುದಿಲ್ಲ. ಐಟಂ ಹೆಸರು ನೋಡಿ ಎಚ್‌ಎಸ್‌ಎನ್ ತಾನೇ ಊಹಿಸಲಿ ಅಂತಲೂ ಆಟ ಆಡಿದೆ; ಹೆಸರಿನಲ್ಲಿ 'ಮೈಸೂರ್' ಕಂಡದ್ದೇ ತಡ, ಸೋಪನ್ನು ಒಯ್ದು ಸಿಹಿತಿಂಡಿಗೆ ಸೇರಿಸಿತು. ಅದನ್ನು ಬದಿಗಿಟ್ಟಿದ್ದೇನೆ. ಎಎಂಸಿ ಮಾತ್ರ ನಾಲ್ಕು ಸಾವಿರ ಇದ್ದದ್ದು ಈಗ ಐದೂವರೆ, ಯಾರೂ ಚೌಕಾಸಿ ಮಾಡಿಲ್ಲ.